ಇಪ್ಪತ್ತು ಎಕರೆ, ಒಬ್ಬ ಮುದುಕ, ಒಂದು ಸಿವಿಲ್ ದಾವೆ: ಆರ್ಯನ್ ನೇಷನ್ಸ್ ಕುಸಿದ ಬಗೆ

1988ರ ಏಪ್ರಿಲ್‌ನಲ್ಲಿ ಅರ್ಕನ್ಸಾ ರಾಜ್ಯದ ಫೋರ್ಟ್ ಸ್ಮಿತ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಒಂದು ದೊಡ್ಡ ಮೊಕದ್ದಮೆ ಸೋತಿತು. ಬಿಳಿಯರೇ ಶ್ರೇಷ್ಠರೆಂದು ಸಾರುವ ಗುಂಪುಗಳ ಮುಖಂಡರು ಒಟ್ಟುಗೂಡಿ ಸರ್ಕಾರವನ್ನು ಉರುಳಿಸಲು ಸಂಚು ಹೂಡಿದ್ದರು ಎಂಬುದು ಆರೋಪ. ಕಟಕಟೆಯಲ್ಲಿ ನಿಂತವರಲ್ಲಿ ರಿಚರ್ಡ್ ಬಟ್ಲರ್ ಕೂಡ ಒಬ್ಬ. ಐಡಹೋದ ‘ಆರ್ಯನ್ ನೇಷನ್ಸ್’ ಸಂಘಟನೆಯ ಸ್ಥಾಪಕ. ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ ಮಂಡಳಿ, ಎಲ್ಲರನ್ನೂ ಬಿಟ್ಟುಬಿಟ್ಟಿತು. ಬಟ್ಲರ್ ಮನೆಗೆ ಮರಳಿ ಇನ್ನೂ ಹನ್ನೆರಡು ವರ್ಷ ಅದೇ ಕೆಲಸ ನಡೆಸಿದ.

ಕೊನೆಗೆ ಅವನನ್ನು ಬೀಳಿಸಿದ್ದು ಎಫ್‌ಬಿಐ ಅಲ್ಲ, ರಾಜದ್ರೋಹದ ಕಾನೂನೂ ಅಲ್ಲ. ಅವನ ಗೇಟಿನ ಮುಂದೆ ಹಾದುಹೋಗುತ್ತಿದ್ದ ತಾಯಿ-ಮಗ ಇಬ್ಬರು ಹೂಡಿದ ಪರಿಹಾರದ ದಾವೆ. ಸರ್ಕಾರದ ಕೈಲಾಗದ್ದು ಇದರಿಂದ ಆದದ್ದು ಹೇಗೆಂದು ತಿಳಿಯಬೇಕಾದರೆ, ಆ ಸಂಘಟನೆಯನ್ನು ಯಾವುದರ ಮೇಲೆ ಕಟ್ಟಲಾಗಿತ್ತು ಎಂಬುದನ್ನು ಮೊದಲು ನೋಡಬೇಕು. ಉತ್ತರ ಸರಳ: ಒಂದು ತುಂಡು ಜಮೀನು ಮತ್ತು ಒಬ್ಬ ಮನುಷ್ಯ. ಆರ್ಯನ್ ನೇಷನ್ಸ್‌ನ ಬಲವೂ ಅದೇ, ದೌರ್ಬಲ್ಯವೂ ಅದೇ.

ಚರ್ಚು, ಜಮೀನು, ಯಜಮಾನ

ಬಟ್ಲರ್ ಹುಟ್ಟಿದ್ದು 1918ರಲ್ಲಿ, ಕೊಲೊರಾಡೋದಲ್ಲಿ. ವೃತ್ತಿಯಲ್ಲಿ ವಿಮಾನ ಎಂಜಿನಿಯರ್. ಕ್ಯಾಲಿಫೋರ್ನಿಯಾದಲ್ಲಿ ಲಾಕ್‌ಹೀಡ್ ಕಂಪನಿಯಲ್ಲಿದ್ದ. ಅಲ್ಲೇ ವೆಸ್ಲಿ ಸ್ವಿಫ್ಟ್ ಎಂಬ ಪಾದ್ರಿಯ ಬೋಧನೆಗೆ ಮಾರುಹೋದ. ಸ್ವಿಫ್ಟ್ ಸಾರುತ್ತಿದ್ದದ್ದು ‘ಕ್ರಿಶ್ಚಿಯನ್ ಐಡೆಂಟಿಟಿ’ ಎಂಬ ಪಂಥ. ಬೈಬಲಿನ ಇಸ್ರೇಲಿಗಳು ಅಂದರೆ ಯುರೋಪಿನ ಬಿಳಿಯರೇ, ಯೆಹೂದಿಗಳು ಸೈತಾನನ ಸಂತತಿ, ಉಳಿದ ಜನಾಂಗಗಳು ಕೀಳು ಎಂಬುದು ಅದರ ತಿರುಳು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಬ್ರಿಟಿಷರೇ ಇಸ್ರೇಲಿನ ಕಳೆದುಹೋದ ಕುಲಗಳವರು ಎಂದು ನಂಬುವ ಒಂದು ಗುಂಪಿತ್ತು. ಆ ನಂಬಿಕೆ ಅಮೆರಿಕಕ್ಕೆ ಬಂದು ವಿಷವೇರಿಸಿಕೊಂಡ ರೂಪ ಇದು.

1970ರಲ್ಲಿ ಸ್ವಿಫ್ಟ್ ತೀರಿಕೊಂಡ. ತಾನೇ ಅವನ ಉತ್ತರಾಧಿಕಾರಿ ಎಂದು ಬಟ್ಲರ್ ಘೋಷಿಸಿಕೊಂಡ. ಹಳೆಯ ಭಕ್ತರೆಲ್ಲ ಅದನ್ನು ಒಪ್ಪಲಿಲ್ಲ. ಉತ್ತರಾಧಿಕಾರದ ಜಗಳ ಈ ಸಂಘಟನೆಗೆ ಹುಟ್ಟಿನಿಂದಲೇ ಅಂಟಿಕೊಂಡಿತ್ತು ಎನ್ನಬಹುದು. ಕೆಲವು ವರ್ಷಗಳಲ್ಲೇ ಬಟ್ಲರ್ ಉತ್ತರ ಐಡಹೋಗೆ ಹೋಗಿ, ಹೇಡನ್ ಲೇಕ್ ಊರಿನ ಹತ್ತಿರ ಕಾಡಿನಂಚಿನಲ್ಲಿ 20 ಎಕರೆ ಜಾಗ ಮಾಡಿಕೊಂಡು ಚರ್ಚು ಕಟ್ಟಿದ. ಆ ಪ್ರದೇಶವನ್ನು ಆರಿಸಿದ್ದಕ್ಕೆ ಲೆಕ್ಕಾಚಾರವಿತ್ತು. ಅಲ್ಲಿನ ಜನ ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ವಾಷಿಂಗ್ಟನ್, ಒರೆಗಾನ್, ಐಡಹೋ, ಮೊಂಟಾನಾ, ವಯೋಮಿಂಗ್ ಈ ಐದು ರಾಜ್ಯಗಳನ್ನು ಬಿಳಿಯರಿಗಷ್ಟೇ ಮೀಸಲಾದ ದೇಶ ಮಾಡಬೇಕೆಂಬುದು ಅವನ ಯೋಜನೆ.

ಆವರಣದಲ್ಲಿ ಪ್ರಾರ್ಥನಾ ಮಂದಿರ, ಬಟ್ಲರ್ ಮನೆ, ಬಂದುಹೋಗುವವರು ಮಲಗಲು ಉದ್ದನೆಯ ಕೊಠಡಿ, ಮುದ್ರಣ ಯಂತ್ರ. ಬಾಗಿಲಲ್ಲೇ ಬಿಳಿಯರಿಗೆ ಮಾತ್ರ ಪ್ರವೇಶ ಎಂಬ ಫಲಕ. 1981ರಲ್ಲಿ ಅಲ್ಲಿ ಬಾಂಬೊಂದು ಸಿಡಿದು ಕಟ್ಟಡಕ್ಕೆ ಹಾನಿಯಾದ ಮೇಲೆ ಎತ್ತರದ ಕಾವಲು ಗೋಪುರ ಎದ್ದಿತು, ಕೋವಿ ಹಿಡಿದ ಕಾವಲುಗಾರರು ಬಂದರು. ಈ ಕಾವಲುಗಾರರನ್ನು ನೆನಪಿಟ್ಟುಕೊಳ್ಳಿ. ಕಥೆ ಅಂತಿಮವಾಗಿ ಅವರ ಸುತ್ತಲೇ ತಿರುಗುತ್ತದೆ.

ತಲೆ ಎಣಿಸಿದರೆ ಇದು ಸಣ್ಣ ಸಂಘಟನೆ. ಪ್ರತಿ ಬೇಸಿಗೆಯಲ್ಲಿ ಜಾಗತಿಕ ಸಮ್ಮೇಳನ ಎಂಬ ದೊಡ್ಡ ಹೆಸರಿಟ್ಟು ಕೂಟ ನಡೆಸುತ್ತಿದ್ದರು. ಒಳ್ಳೆಯ ದಿನಗಳಲ್ಲೂ ಸೇರುತ್ತಿದ್ದದ್ದು ಕೆಲವು ನೂರು ಜನ. ಆದರೆ ಪ್ರಭಾವ ಸಂಖ್ಯೆಯಿಂದ ಬರುತ್ತಿರಲಿಲ್ಲ. ಕಪ್ಪು ಜನರ ಮೇಲಿನ ಹಿಂಸೆಗೆ ಕುಖ್ಯಾತವಾದ ಕ್ಲೂ ಕ್ಲಕ್ಸ್ ಕ್ಲಾನ್‌ನವರು, ನವನಾಜಿಗಳು, ತೆರಿಗೆ ವಿರೋಧಿಗಳು, ತಲೆ ಬೋಳಿಸಿದ ಸ್ಕಿನ್‌ಹೆಡ್ ಹುಡುಗರು ಹೀಗೆ ಒಬ್ಬರನ್ನೊಬ್ಬರು ಸಹಿಸದ ಗುಂಪುಗಳೆಲ್ಲ ವರ್ಷಕ್ಕೊಮ್ಮೆ ಒಂದೆಡೆ ಸೇರಲು ಸ್ವಂತ ಜಾಗ ಅಂತ ಇದ್ದದ್ದು ಬಟ್ಲರ್ ಬಳಿ. ಬೇರೆಯವರು ಬಾಡಿಗೆ ಸಭಾಂಗಣಕ್ಕೆ ಅಲೆಯುವಾಗ ಇವನು ಆತಿಥೇಯ. 1984ರಲ್ಲೇ, ಇಂಟರ್‌ನೆಟ್ ಎಂಬ ಮಾತು ಜನಸಾಮಾನ್ಯರ ಕಿವಿಗೆ ಬೀಳುವ ಮುಂಚೆ, ಮೋಡೆಮ್ ಮೂಲಕ ಸಂದೇಶ ಹಂಚುವ ಕಂಪ್ಯೂಟರ್ ಜಾಲವನ್ನು ಈ ಸಂಘಟನೆಯ ಹೆಸರಿನಲ್ಲಿ ನಡೆಸಿದವನು ಲೂಯಿ ಬೀಮ್, ಬಟ್ಲರ್‌ನ ಆಪ್ತ.

ಜನ ಬರುತ್ತಿದ್ದ ಇನ್ನೊಂದು ದಾರಿ ಜೈಲು. ಅಮೆರಿಕದ ಸೆರೆಮನೆಗಳಲ್ಲಿ ಕೈದಿಗಳು ಬಣ್ಣದ ಆಧಾರದ ಮೇಲೆ ಗ್ಯಾಂಗ್ ಕಟ್ಟಿಕೊಳ್ಳುತ್ತಾರೆ. ಬಿಳಿಯ ಕೈದಿಗಳಿಗೆ ಬಟ್ಲರ್ ಕಾಗದ ಬರೆದ, ಧರ್ಮದ ಹೆಸರಿನಲ್ಲಿ ಪತ್ರಿಕೆ ಕಳಿಸಿದ. ಬಿಡುಗಡೆಯಾದವನಿಗೆ ಮನೆಯಿಲ್ಲ, ಕೆಲಸವಿಲ್ಲ. ಹೇಡನ್ ಲೇಕ್‌ಗೆ ಬಂದರೆ ಊಟ, ಮಲಗಲು ಜಾಗ, ಜೊತೆಗೆ ಸಮವಸ್ತ್ರ ಮತ್ತು ಹುದ್ದೆ. ಪುಕ್ಕಟೆ ಆಳುಗಳು ಸಿಗುವ ಸುಲಭ ದಾರಿ. ಇದರ ಬೆಲೆ ಆಮೇಲೆ ತಿಳಿಯಿತು.

ಕ್ರಿಮಿನಲ್ ಕಾನೂನಿಗೆ ಸಿಗದ ನಾಯಕ

1983ರಲ್ಲಿ ರಾಬರ್ಟ್ ಮ್ಯಾಥ್ಯೂಸ್ ಎಂಬವನು ‘ದಿ ಆರ್ಡರ್’ ಎಂಬ ಗುಪ್ತ ತಂಡ ಕಟ್ಟಿದ. ಅದರಲ್ಲಿ ಹಲವರು ಬಟ್ಲರ್‌ನ ಆವರಣಕ್ಕೆ ಬಂದುಹೋಗುತ್ತಿದ್ದವರೇ. ಖೋಟಾ ನೋಟು, ಬ್ಯಾಂಕ್ ದರೋಡೆ ಎಂದು ಶುರು ಮಾಡಿದವರು 1984ರ ಜೂನ್‌ನಲ್ಲಿ ಡೆನ್ವರ್‌ನ ಯೆಹೂದಿ ರೇಡಿಯೊ ನಿರೂಪಕ ಅಲನ್ ಬರ್ಗ್ ಅವರನ್ನು ಗುಂಡಿಟ್ಟು ಕೊಂದರು. ಮರುತಿಂಗಳು ಕ್ಯಾಲಿಫೋರ್ನಿಯಾದ ಯುಕಾಯಾ ಬಳಿ ಹಣ ಸಾಗಿಸುವ ಬ್ರಿಂಕ್ಸ್ ಕಂಪನಿಯ ಕವಚದ ಲಾರಿ ತಡೆದು ಸುಮಾರು 36 ಲಕ್ಷ ಡಾಲರ್ ದೋಚಿದರು. ಆ ಡಿಸೆಂಬರ್‌ನಲ್ಲಿ ವಿಡ್ಬಿ ದ್ವೀಪದ ಮನೆಯೊಂದರಲ್ಲಿ ಎಫ್‌ಬಿಐ ಸುತ್ತುವರಿದಾಗ ಮ್ಯಾಥ್ಯೂಸ್ ಸತ್ತ. ಉಳಿದವರು ಸಿಕ್ಕಿಬಿದ್ದು ದೀರ್ಘ ಶಿಕ್ಷೆ ಪಡೆದರು.

ಬಟ್ಲರ್ ಮಾತ್ರ ಹೊರಗುಳಿದ. ಯಾಕೆ? ಅಮೆರಿಕದಲ್ಲಿ ದ್ವೇಷದ ಬೋಧನೆಯೊಂದೇ ಅಪರಾಧವಲ್ಲ. 1969ರ ಬ್ರ್ಯಾಂಡನ್‌ಬರ್ಗ್ ತೀರ್ಪಿನಲ್ಲಿ (ಅದೂ ಕ್ಲಾನ್ ನಾಯಕನೊಬ್ಬನ ಪ್ರಕರಣವೇ) ಸುಪ್ರೀಂ ಕೋರ್ಟ್ ಅಳತೆಗೋಲು ನಿಗದಿ ಮಾಡಿತು: ತಕ್ಷಣವೇ ಕಾನೂನು ಮುರಿಯುವಂತೆ ಜನರನ್ನು ಎತ್ತಿಕಟ್ಟುವ ಉದ್ದೇಶ ಇರಬೇಕು, ಹಾಗೆ ಆಗುವ ಸಂಭವವೂ ಇರಬೇಕು. ಎರಡೂ ಕೂಡಿದರಷ್ಟೇ ಮಾತಿಗೆ ಶಿಕ್ಷೆ. ಮುಂದೊಂದು ದಿನ ಜನಾಂಗ ಯುದ್ಧ ಬರುತ್ತದೆ ಎಂದು ಭಾನುವಾರದ ಪ್ರವಚನದಲ್ಲಿ ಹೇಳುವವನು ಈ ಅಳತೆಗೆ ಸಿಗುವುದಿಲ್ಲ. ಸಂಚು ಎಂದು ಸಾಬೀತು ಮಾಡಬೇಕಾದರೆ ಒಪ್ಪಂದ ನಡೆದದ್ದನ್ನು ತೋರಿಸಬೇಕು, ಅದೂ ಸಂಶಯಕ್ಕೆ ಎಡೆಯಿಲ್ಲದಂತೆ, ಅದೂ ಜ್ಯೂರಿಯ ಎಲ್ಲರೂ ಒಪ್ಪುವಂತೆ. ಫೋರ್ಟ್ ಸ್ಮಿತ್‌ನಲ್ಲಿ ಸರ್ಕಾರದ ಬಳಿ ಇದ್ದದ್ದು ಮುಖ್ಯವಾಗಿ ಶಿಕ್ಷೆ ತಗ್ಗಿಸಿಕೊಳ್ಳಲು ಬಾಯಿಬಿಟ್ಟ ಹಳೆಯ ಸಹಚರರ ಹೇಳಿಕೆ. ಜ್ಯೂರಿ ನಂಬಲಿಲ್ಲ.

ನನ್ನ ದೃಷ್ಟಿಯಲ್ಲಿ ಆ ಖುಲಾಸೆ ಬಟ್ಲರ್‌ನಲ್ಲಿ ಒಂದು ಭ್ರಮೆ ಹುಟ್ಟಿಸಿತು: ಕೆಳಗಿನವರು ಏನೇ ಮಾಡಲಿ, ಮೇಲಿರುವ ತನಗೆ ತಟ್ಟದು ಎಂದು.

1998ರ ಜುಲೈ 1

ಆ ರಾತ್ರಿ ಮದುವೆಯೊಂದನ್ನು ಮುಗಿಸಿ ತಾಯಿ ಮತ್ತು ಹರೆಯದ ಮಗ ಹಳೆಯ ಕಾರಿನಲ್ಲಿ ಮನೆಗೆ ಹೊರಟಿದ್ದರು. ಮಗನ ಪರ್ಸು ಕಿಟಕಿಯಿಂದ ಬಿದ್ದುಹೋಗಿ, ಹುಡುಕಲು ನಿಲ್ಲಿಸಿದ್ದು ಆರ್ಯನ್ ನೇಷನ್ಸ್‌ನ ಗೇಟಿನ ಹತ್ತಿರ. ಮತ್ತೆ ಹೊರಡುವಾಗ ಕಾರಿನಿಂದ ‘ಢಮ್’ ಎಂದು ಸದ್ದು. ಗುಂಡು ಹಾರಿಸಿದರು ಎಂದುಕೊಂಡ ಕಾವಲುಗಾರರು ಟ್ರಕ್ ಹತ್ತಿ ಬೆನ್ನಟ್ಟಿದರು. ಸುಮಾರು ಎರಡು ಮೈಲಿ ಗುಂಡು ಹಾರಿಸುತ್ತಲೇ ಬಂದು, ಟೈರಿಗೆ ಹೊಡೆದು ಕಾರನ್ನು ಚರಂಡಿಗೆ ಇಳಿಸಿದರು. ಇಬ್ಬರಿಗೂ ಹೊಡೆದರು, ಬಂದೂಕು ತೋರಿಸಿ ಕೊಲ್ಲುವ ಬೆದರಿಕೆ ಹಾಕಿದರು. ಕಾವಲುಗಾರರಲ್ಲಿ ಇಬ್ಬರು ಜೈಲಿಗೂ ಹೋದರು.

ಹಿಂದಿನ ಎಷ್ಟೋ ಘಟನೆಗಳಂತೆ ಇದೂ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯದಂತೆ ಮಾಡಿದವರು ಕೊರ್ ಡಲೇನ್ ಊರಿನ ವಕೀಲ ನಾರ್ಮ್ ಗಿಸೆಲ್. ಅವರು ಈ ಪ್ರಕರಣವನ್ನು ಅಲಬಾಮಾದ ‘ಸದರ್ನ್ ಪಾವರ್ಟಿ ಲಾ ಸೆಂಟರ್’ ಎಂಬ ನಾಗರಿಕ ಹಕ್ಕುಗಳ ಸಂಸ್ಥೆಯ ವಕೀಲ ಮಾರಿಸ್ ಡೀಸ್ ಅವರ ಕೈಗೆ ತಲುಪಿಸಿದರು. ಡೀಸ್ ಬಳಿ ಸಿದ್ಧ ಮಾದರಿ ಇತ್ತು. 1981ರಲ್ಲಿ ಮೊಬೀಲ್ ನಗರದಲ್ಲಿ ಮೈಕಲ್ ಡೊನಾಲ್ಡ್ ಎಂಬ ಕಪ್ಪು ತರುಣನನ್ನು ಕೊಂದು ಮರಕ್ಕೆ ತೂಗುಹಾಕಿದ್ದ ‘ಯುನೈಟೆಡ್ ಕ್ಲಾನ್ಸ್ ಆಫ್ ಅಮೆರಿಕ’ ವಿರುದ್ಧ 1987ರಲ್ಲಿ ಅವರು 70 ಲಕ್ಷ ಡಾಲರ್‌ಗಳ ತೀರ್ಪು ಪಡೆದಿದ್ದರು. ಆ ಸಂಘಟನೆಯ ಕಚೇರಿ ಕಟ್ಟಡವೇ ಸತ್ತವನ ತಾಯಿಯ ಪಾಲಾಯಿತು. 1990ರಲ್ಲಿ ಪೋರ್ಟ್‌ಲೆಂಡ್‌ನಲ್ಲಿ ಇಥಿಯೋಪಿಯಾದ ಮುಲುಗೆಟಾ ಸೆರಾ ಕೊಲೆ ಪ್ರಕರಣದಲ್ಲಿ ಟಾಮ್ ಮೆಟ್ಸ್‌ಗರ್ ಎಂಬ ಶ್ರೇಷ್ಠತಾವಾದಿ ನಾಯಕ ಮತ್ತು ಇತರರ ಮೇಲೆ ಒಟ್ಟು 1.25 ಕೋಟಿ ಡಾಲರ್‌ಗಳ ತೀರ್ಪು ಬಂತು. ಅಲ್ಲೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಬೀದಿಯಲ್ಲಿ ಕೈ ಎತ್ತಿದವನಿಗೂ ಕುರ್ಚಿಯಲ್ಲಿ ಕೂತವನಿಗೂ ನಡುವೆ ಕಾನೂನು ಒಪ್ಪುವ ನಂಟು ಯಾವುದು?

ದಾವೆ ನಡೆದ ಬಗೆ

ಸಿವಿಲ್ ಕೋರ್ಟಿನಲ್ಲಿ ಲೆಕ್ಕವೇ ಬೇರೆ. ಸಂಶಯಾತೀತ ಸಾಬೀತು ಬೇಡ. ಹೀಗಾಗಿರುವ ಸಂಭವ ಆಗದಿರುವ ಸಂಭವಕ್ಕಿಂತ ಹೆಚ್ಚು ಎಂದು ತೋರಿಸಿದರೆ ಸಾಕು. ಐಡಹೋ ಸಂವಿಧಾನದ ಪ್ರಕಾರ ಸಿವಿಲ್ ಪ್ರಕರಣದಲ್ಲಿ ಜ್ಯೂರಿಯ ಮುಕ್ಕಾಲು ಪಾಲು, ಅಂದರೆ 12ರಲ್ಲಿ 9 ಜನ ಒಪ್ಪಿದರೆ ತೀರ್ಪು. ವಿಚಾರಣೆಗೆ ಮುಂಚೆಯೇ ಎದುರು ಪಕ್ಷದವರನ್ನು ಕೂರಿಸಿ, ಪ್ರಮಾಣ ಮಾಡಿಸಿ, ಗಂಟೆಗಟ್ಟಲೆ ಪ್ರಶ್ನೆ ಕೇಳುವ ಹಕ್ಕು ದಾವೆದಾರರಿಗಿದೆ. ಕ್ರಿಮಿನಲ್ ಆರೋಪಿ ಬಾಯಿ ಮುಚ್ಚಿಕೊಂಡು ಕೂತರೆ ಅದನ್ನು ಅವನ ವಿರುದ್ಧ ಬಳಸುವಂತಿಲ್ಲ. ಸಿವಿಲ್ ದಾವೆಯಲ್ಲಿ ಮೌನದ ರಕ್ಷಣೆ ಅಷ್ಟು ಗಟ್ಟಿಯಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಬಟ್ಲರ್ ಆ ದಾಳಿಗೆ ಆಜ್ಞೆ ಕೊಟ್ಟ ಎಂದು ತೋರಿಸುವ ಅಗತ್ಯವೇ ಇರಲಿಲ್ಲ. ದಾವೆ ನಿಂತದ್ದು ನಿರ್ಲಕ್ಷ್ಯದ ಮೇಲೆ. ಒಬ್ಬನ ಕೈಗೆ ಕೋವಿ ಕೊಟ್ಟು ಕಾವಲಿಗೆ ನಿಲ್ಲಿಸುವವನು ಅವನ ಹಿನ್ನೆಲೆ ನೋಡಬೇಕು, ತರಬೇತಿ ಕೊಡಬೇಕು, ಮೇಲೆ ಕಣ್ಣಿಡಬೇಕು. ಇದರಲ್ಲಿ ತಪ್ಪಿದರೆ ಹಾನಿಯ ಹೊಣೆ ಅವನದೂ ಹೌದು. ಪೆಟ್ರೋಲ್ ಬಂಕಿನ ಯಜಮಾನನಿಗೆ ಅನ್ವಯಿಸುವ ನಿಯಮವೇ ಇದು. ಜನಾಂಗ ದ್ವೇಷಕ್ಕೂ ಇದಕ್ಕೂ ಸಂಬಂಧವಿಲ್ಲ, ವಾಕ್ ಸ್ವಾತಂತ್ರ್ಯದ ಗುರಾಣಿಯೂ ಇಲ್ಲಿ ನಡೆಯದು. ಬಟ್ಲರ್ ಏನು ನಂಬುತ್ತಾನೆ ಎಂಬುದನ್ನು ಬಿಟ್ಟು ಯಾರನ್ನು ಕೆಲಸಕ್ಕಿಟ್ಟುಕೊಂಡಿದ್ದ ಎಂದು ಕೇಳಿದ್ದೇ ಈ ದಾವೆಯ ಜಾಣತನ.

ಬಟ್ಲರ್ ಪರ ವಕೀಲ ಎಡ್ಗರ್ ಸ್ಟೀಲ್ ವಾದಿಸಿದ್ದು ಇಷ್ಟು: ಕಾವಲುಗಾರರು ಕುಡಿದಿದ್ದರು, ಆವರಣ ದಾಟಿ ಹೋಗಿ ತಮ್ಮಿಷ್ಟದಂತೆ ನಡೆದುಕೊಂಡರು, ಅದು ಅವರ ಕೆಲಸದ ಭಾಗವಲ್ಲ. ಮೇಲ್ನೋಟಕ್ಕೆ ತೂಕದ ವಾದವೇ. ಆದರೆ ಹುದ್ದೆಯ ಹೆಸರುಗಳೇ ತಿರುಗಿಬಿದ್ದವು. ಆ ರಾತ್ರಿ ಬೆನ್ನಟ್ಟಿದವರಲ್ಲಿ ಒಬ್ಬ ಸಂಘಟನೆಯ ಭದ್ರತಾ ಮುಖ್ಯಸ್ಥನೇ ಆಗಿದ್ದ. ಜೈಲಿನಿಂದ ಬಂದವರನ್ನು ಸರಿಯಾಗಿ ವಿಚಾರಿಸದೆ ಇರಿಸಿಕೊಂಡದ್ದು, ತರಬೇತಿಯಿಲ್ಲದೆ ರೈಫಲ್ ಕೊಟ್ಟದ್ದು ಎಲ್ಲ ಹೊರಗೆ ಬಂತು. ಸೈನ್ಯದ ವೇಷ ಹಾಕಿ, ಪದವಿ ಹಂಚಿ, ಶಿಸ್ತಿನ ಪಡೆ ಎಂದು ಮೆರೆದವನು ಕೋರ್ಟಿನಲ್ಲಿ ‘ಅವರು ನನ್ನ ಮಾತು ಕೇಳುವವರಲ್ಲ’ ಎಂಬ ಅರ್ಥದ ವಾದ ಹೂಡಬೇಕಾಗಿ ಬಂದದ್ದು ನೋಡಲು ಚೆನ್ನಾಗಿತ್ತೆಂದು ಹೇಳಲೇಬೇಕು.

2000ದ ಆಗಸ್ಟ್ ಕೊನೆಯಲ್ಲಿ ಶುರುವಾದ ವಿಚಾರಣೆ ಸೆಪ್ಟೆಂಬರ್ 7ಕ್ಕೆ ಮುಗಿಯಿತು. ಬಟ್ಲರ್, ಅವನ ಸಂಘಟನೆ ಮತ್ತು ಕಾವಲುಗಾರರು ಸೇರಿ ಒಟ್ಟು 63 ಲಕ್ಷ ಡಾಲರ್ ಕೊಡಬೇಕೆಂದು ಜ್ಯೂರಿ ಹೇಳಿತು. ಇದರಲ್ಲಿ ಎರಡು ಬಗೆಯ ಹಣವಿದೆ. ಗಾಯ, ಭಯ, ನಷ್ಟಕ್ಕೆ ಕೊಡುವ ಪರಿಹಾರ ಒಂದು. ಅದು ಸಣ್ಣ ಪಾಲು. ಮತ್ತೊಮ್ಮೆ ಹೀಗೆ ಮಾಡದಿರಲಿ ಎಂದು ಹೇರುವ ದಂಡನಾತ್ಮಕ ಮೊತ್ತ ಇನ್ನೊಂದು. ಉಳಿದದ್ದೆಲ್ಲ ಅದೇ, ಅದರಲ್ಲೂ ಸಿಂಹಪಾಲು ಬಟ್ಲರ್ ತಲೆಯ ಮೇಲೆ.

ತೀರ್ಪು ಕಾಗದದ ಮೇಲಿದ್ದರೆ ಹಣ ಬಂದಂತಲ್ಲ. ಸೋತವನು ಮೇಲ್ಮನವಿ ಮುಗಿಯುವ ತನಕ ವಸೂಲಿ ತಡೆಯಬೇಕಾದರೆ ಭಾರಿ ಮೊತ್ತದ ಬಾಂಡ್ ಇಡಬೇಕು. ಬಟ್ಲರ್ ಬಳಿ ಅಷ್ಟು ಹಣವಿರಲಿಲ್ಲ. ದಿವಾಳಿ ಅರ್ಜಿ ಹಾಕಿದ. ದಿವಾಳಿಯಲ್ಲಿ ಆಸ್ತಿಯೆಲ್ಲ ಟ್ರಸ್ಟಿಯ ವಶಕ್ಕೆ ಹೋಗುತ್ತದೆ, ಟ್ರಸ್ಟಿ ಹರಾಜು ಹಾಕುತ್ತಾನೆ. 2001ರ ಫೆಬ್ರುವರಿಯಲ್ಲಿ ಆ 20 ಎಕರೆಯನ್ನು 2.5 ಲಕ್ಷ ಡಾಲರ್‌ಗೆ ಕೂಗಿದವರು ಅದೇ ತಾಯಿ-ಮಗ. ಅವರು ಅದನ್ನು ಐಡಹೋದವರೇ ಆದ ಉದ್ಯಮಿ ಗ್ರೆಗ್ ಕಾರ್ ಅವರಿಗೆ ಮಾರಿದರು. ಗೋಪುರ, ಮಂದಿರ ಎಲ್ಲ ನೆಲಸಮವಾದವು. ಕೆಲವನ್ನು ಅಗ್ನಿಶಾಮಕ ಸಿಬ್ಬಂದಿ ಅಭ್ಯಾಸಕ್ಕೆಂದು ಸುಟ್ಟರು. ಜಾಗ ನಾರ್ತ್ ಐಡಹೋ ಕಾಲೇಜಿನ ಪ್ರತಿಷ್ಠಾನಕ್ಕೆ ದಾನವಾಗಿ ಹೋಯಿತು.

ಜಾಗ ಹೋದ ಮೇಲೆ

ಶ್ರೀಮಂತ ಬೆಂಬಲಿಗನೊಬ್ಬ ಹೇಡನ್ ಊರಿನಲ್ಲಿ ಬಟ್ಲರ್‌ಗೆ ಮನೆ ಕೊಡಿಸಿದ. ಆದರೆ ಬಡಾವಣೆಯ ಮನೆಯಲ್ಲಿ ಸಮ್ಮೇಳನ ನಡೆಸಲಾಗದು, ಜೈಲಿನಿಂದ ಬಂದವರನ್ನು ಇಟ್ಟುಕೊಳ್ಳಲಾಗದು, ಈ ಗುಂಪುಗಳ ಆಚರಣೆಯಂತೆ ಶಿಲುಬೆ ಸುಡಲಾಗದು. ಬಟ್ಲರ್‌ನನ್ನು ನಾಯಕನನ್ನಾಗಿ ಮಾಡಿದ್ದು ಆತಿಥೇಯನ ಪಾತ್ರ. ಅದು ಹೋದ ಮೇಲೆ ಉಳಿದವನು ಎಂಬತ್ತು ದಾಟಿದ, ಹೃದಯದ ಕಾಯಿಲೆಯ ಒಬ್ಬ ಮುದುಕ.

ಆಗ ಮೇಲೆದ್ದದ್ದು ಉತ್ತರಾಧಿಕಾರದ ಪ್ರಶ್ನೆ. ಇದಕ್ಕೆ ಮುಂಚೆಯೂ ಉತ್ತರಾಧಿಕಾರಿ ಎನಿಸಿಕೊಂಡವರು ಬಂದುಹೋಗಿದ್ದರು: 1993ರಲ್ಲಿ ಅವನ ಬಲಗೈಯಂತಿದ್ದ ಕಾರ್ಲ್ ಫ್ರಾಂಕ್ಲಿನ್ ಕೆಲವರನ್ನು ಕರೆದುಕೊಂಡು ಮೊಂಟಾನಾಗೆ ಹೊರಟುಹೋದ. ಆಮೇಲೆ ಆರಿಸಿದ ನ್ಯೂಮನ್ ಬ್ರಿಟನ್ 2001ರಲ್ಲಿ ತೀರಿಕೊಂಡ. ಮುಂದಿನವನು ಒಹಾಯೋದ ರೇ ರೆಡ್‌ಫೆರ್ನ್. ಅವನು ಪೆನ್ಸಿಲ್ವೇನಿಯಾದ ಆಗಸ್ಟ್ ಕ್ರೈಸ್ ಜೊತೆ ಸೇರಿ ಬಟ್ಲರ್‌ನನ್ನೇ ಬದಿಗೆ ಸರಿಸಲು ನೋಡಿದ. ಬಟ್ಲರ್ ಅವರನ್ನು ಹೊರಹಾಕಿದ, ಅವರು ಬಟ್ಲರ್ ಕಾಲ ಮುಗಿಯಿತೆಂದರು. ಸಂಘಟನೆಗೆ ಬೈಲಾ ಇಲ್ಲ, ಚುನಾವಣೆ ಇಲ್ಲ, ಕಾರ್ಯಕಾರಿ ಮಂಡಳಿ ಇಲ್ಲ. ನಿಜವಾದ ಆರ್ಯನ್ ನೇಷನ್ಸ್ ಯಾವುದೆಂದು ತೀರ್ಮಾನಿಸುವ ಯಾವ ವ್ಯವಸ್ಥೆಯೂ ಇರಲಿಲ್ಲ. ಜಮೀನಿದ್ದಾಗ ಅದಕ್ಕೆ ಉತ್ತರ ಸುಲಭವಿತ್ತು: ಗೇಟಿನ ಕೀಲಿ ಯಾರ ಬಳಿಯೋ ಅವನದು.

2003ರಲ್ಲಿ ಬಟ್ಲರ್ ಹೇಡನ್ ಮೇಯರ್ ಸ್ಥಾನಕ್ಕೆ ನಿಂತು ಹೀನಾಯವಾಗಿ ಸೋತ. 2004ರ ಸೆಪ್ಟೆಂಬರ್ 8ರಂದು 86ನೇ ವಯಸ್ಸಿನಲ್ಲಿ ಸತ್ತ. ಆಮೇಲೆ ಅದೇ ಹೆಸರು ಹೇಳಿಕೊಂಡ ಚೂರುಗಳು ಬೇರೆ ಬೇರೆ ರಾಜ್ಯಗಳಲ್ಲಿ ಕಾಣಿಸಿಕೊಂಡು, ಪರಸ್ಪರ ಬೈದುಕೊಂಡು, ಕರಗಿದವು. ವೆಸ್ಟ್ ವರ್ಜೀನಿಯಾದಿಂದ ‘ನ್ಯಾಷನಲ್ ಅಲಯನ್ಸ್’ ಎಂಬ ನವನಾಜಿ ಗುಂಪು ನಡೆಸುತ್ತಿದ್ದ ವಿಲಿಯಂ ಪಿಯರ್ಸ್ 2002ರಲ್ಲಿ ಸತ್ತಾಗ, ಅಲ್ಲಿ ಯಾವ ದಾವೆಯೂ ಇಲ್ಲದೆಯೇ, ಇದೇ ಕಥೆ ನಡೆಯಿತು.

ಊರಿನವರ ಇಪ್ಪತ್ತು ವರ್ಷ

ಮಾರಿಸ್ ಡೀಸ್ ಬಂದು ಗೆದ್ದರು ಎಂದು ಹೇಳಿಬಿಟ್ಟರೆ ಅರ್ಧ ಸತ್ಯ. ಹೇಡನ್‌ನಲ್ಲಿ ಯೆಹೂದಿಯೊಬ್ಬರ ಹೋಟೆಲಿನ ಗೋಡೆಯ ಮೇಲೆ ನಾಜಿಗಳ ಸ್ವಸ್ತಿಕ ಬಳಿದ ಘಟನೆಯ ನಂತರ 1981ರಲ್ಲಿ ಸ್ಥಳೀಯರು ಕೂಟೆನೈ ಕೌಂಟಿಯಲ್ಲಿ ಮಾನವ ಸಂಬಂಧಗಳ ಕಾರ್ಯಪಡೆ ಕಟ್ಟಿದ್ದರು. ಅವರ ಒತ್ತಡದಿಂದ 1983ರಲ್ಲಿ ಐಡಹೋ ಶಾಸನಸಭೆ ಜನಾಂಗ, ಧರ್ಮದ ಕಾರಣಕ್ಕೆ ಕಿರುಕುಳ ಕೊಡುವುದನ್ನು ಗಂಭೀರ ಅಪರಾಧ ಮಾಡಿತು. 1986ರ ಸೆಪ್ಟೆಂಬರ್‌ನಲ್ಲಿ ಕಾರ್ಯಪಡೆಯ ಮುಂದಾಳು, ಕ್ಯಾಥೊಲಿಕ್ ಪಾದ್ರಿ ಬಿಲ್ ವಾಸ್ಮತ್ ಅವರ ಮನೆಗೆ ಬಾಂಬ್ ಬಿತ್ತು. ಅವರು ಬದುಕುಳಿದರು, ಜನ ಹೆದರುವ ಬದಲು ಹತ್ತಿರವಾದರು.

ಬಟ್ಲರ್ ಮೆರವಣಿಗೆಗಳನ್ನು ಎದುರಿಸಿದ ರೀತಿಯೂ ಗಮನಿಸುವಂಥದ್ದು. ಅನುಮತಿ ನಿರಾಕರಿಸಿದರೆ ಕೋರ್ಟಿನಲ್ಲಿ ನಿಲ್ಲದು, ಎದುರು ಬಂದು ಕೂಗಾಡಿದರೆ ಟಿವಿಯಲ್ಲಿ ಅವನಿಗೇ ಪ್ರಚಾರ. ಹಾಗಾಗಿ 1998ರಲ್ಲಿ ಊರವರು ಒಂದು ಉಪಾಯ ಮಾಡಿದರು: ಅವರು ಎಷ್ಟು ನಿಮಿಷ ನಡೆಯುತ್ತಾರೋ ಅಷ್ಟು ನಿಮಿಷಕ್ಕೆ ಇಷ್ಟಿಷ್ಟು ಡಾಲರ್ ಮಾನವ ಹಕ್ಕುಗಳ ಕೆಲಸಕ್ಕೆ ಕೊಡುವುದಾಗಿ ಜನರಿಂದ ವಾಗ್ದಾನ ಪಡೆದರು. ಮೆರವಣಿಗೆ ಉದ್ದವಾದಷ್ಟೂ ವಿರೋಧಿಗಳ ಪೆಟ್ಟಿಗೆ ತುಂಬುತ್ತಿತ್ತು. ಎರಡು ವರ್ಷದ ಮೇಲೆ ಜ್ಯೂರಿಯಲ್ಲಿ ಕೂತವರು ಇದೇ ಕೌಂಟಿಯ ಜನ, ಇದೇ ಸುದ್ದಿ ಓದಿ ಬೆಳೆದವರು.

ದಾವೆಯ ಕೈಗೆ ಸಿಗದವರು

ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಅದಕ್ಕೆ ಮೂರು ಬೇಕು: ಬದುಕುಳಿದ ಇಲ್ಲವೇ ವಾರಸುದಾರರಿರುವ ಬಲಿಪಶು, ನಾಯಕನಿಗೂ ಹಲ್ಲೆಕೋರನಿಗೂ ತೋರಿಸಬಲ್ಲ ನಂಟು, ಜಪ್ತಿ ಮಾಡಲು ಏನಾದರೂ ಆಸ್ತಿ. ಲೂಯಿ ಬೀಮ್ 1980ರ ದಶಕದಲ್ಲೇ ‘ನಾಯಕನಿಲ್ಲದ ಪ್ರತಿರೋಧ’ ಎಂದು ಬರೆದಿದ್ದ: ಸದಸ್ಯತ್ವ ಬೇಡ, ಆದೇಶ ಬೇಡ, ಒಬ್ಬಿಬ್ಬರೇ ತಾವಾಗಿ ನಡೆಸಲಿ ಎಂದು. ಬಟ್ಲರ್ ಮಾತ್ರ ಗೋಪುರ ಕಟ್ಟಿಕೊಂಡು ಕೂತ. ಆದರೆ 1999ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ಯೆಹೂದಿ ಸಮುದಾಯ ಕೇಂದ್ರದಲ್ಲಿ ಮಕ್ಕಳ ಮೇಲೆ ಗುಂಡು ಹಾರಿಸಿ, ಆಮೇಲೆ ಫಿಲಿಪೈನ್ಸ್ ಮೂಲದ ಅಂಚೆಯವ ಜೋಸೆಫ್ ಇಲೆಟೊ ಅವರನ್ನು ಕೊಂದ ಬ್ಯುಫೋರ್ಡ್ ಫರೋ ಹಿಂದೆ ಹೇಡನ್ ಲೇಕ್‌ನಲ್ಲಿ ಕಾವಲಿಗೆ ನಿಂತವನೇ. ಆ ಕೃತ್ಯಕ್ಕೆ ಬಟ್ಲರ್‌ನನ್ನು ಹೊಣೆ ಮಾಡುವ ದಾರಿ ಇರಲಿಲ್ಲ.

2017ರಲ್ಲಿ ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯ ಶ್ರೇಷ್ಠತಾವಾದಿಗಳ ಮೆರವಣಿಗೆ ಹಿಂಸೆಗೆ ತಿರುಗಿದಾಗ ಗಾಯಗೊಂಡವರು ಮತ್ತೆ ಸಿವಿಲ್ ದಾವೆಯನ್ನೇ ಹಿಡಿದರು. 2021ರ ನವೆಂಬರ್‌ನಲ್ಲಿ ಜ್ಯೂರಿ 2.5 ಕೋಟಿ ಡಾಲರ್‌ಗೂ ಹೆಚ್ಚು ಕೊಡಿಸಿತು. ಆದರೆ ವರ್ಜೀನಿಯಾ ಕಾನೂನು ದಂಡನಾತ್ಮಕ ಪರಿಹಾರಕ್ಕೆ 3.5 ಲಕ್ಷ ಡಾಲರ್‌ಗಳ ಮಿತಿ ಹಾಕಿದೆ. ಆ ಮಿತಿ ಇಡೀ ಪ್ರಕರಣಕ್ಕೋ ಒಬ್ಬೊಬ್ಬ ದಾವೆದಾರನಿಗೋ ಎಂಬ ವಾದ ನಡೆದು, ಒಬ್ಬೊಬ್ಬರಿಗೂ ಎಂದು ಮೇಲ್ಮನವಿ ನ್ಯಾಯಾಲಯ 2024ರಲ್ಲಿ ಹೇಳಿತು. ಪ್ರತಿವಾದಿಗಳು ಹಲವು ಗುಂಪುಗಳಿಗೆ ಸೇರಿದವರು, ಬೇರೆ ಬೇರೆ ರಾಜ್ಯಗಳಲ್ಲಿ ಹರಡಿಕೊಂಡವರು. ಹರಾಜಿಗೆ ಹಾಕಲು ಅವರ ಬಳಿ ಹೇಡನ್ ಲೇಕ್‌ನಂಥ ಇಪ್ಪತ್ತು ಎಕರೆ ಇರಲಿಲ್ಲ.